ಮನೆಯ ನೆನಪು ಯಾರ ಕೈಬರಹದಲ್ಲಿ?

ಕೋಲಾರ ಸೀಮೆಯ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ದಿನಚರಿ ಸಿಗುವುದು ಅಪರೂಪ. ಸಿಗುವುದು ಲೆಕ್ಕದ ಪುಸ್ತಕ, ಅಂಚಿನಲ್ಲಿ ಗೀಚಿದ ಪಂಚಾಂಗ, ಹಾಡಿನ ನೋಟ್‌ಬುಕ್ಕು, ಕೋರ್ಟಿನ ಕಾಗದ, ಹಿಂಬದಿಯಲ್ಲಿ ಹೆಸರೂ ಇಸವಿಯೂ ಇಲ್ಲದ ಫೋಟೊಗಳು. ಇವನ್ನೆಲ್ಲ ಒಂದೆಡೆ ಅಂಟಿಸಿ, ನಡುನಡುವೆ ತಮ್ಮ ನಾಲ್ಕು ಮಾತು ಬರೆದು ಮನೆತನದ ಪುಸ್ತಕ ಮಾಡಬೇಕೆಂಬ ಆಸೆ ಈಗ ಹಲವರಿಗೆ, ಅದರಲ್ಲೂ ಬೆಂಗಳೂರು ಸೇರಿದ ಮಕ್ಕಳಿಗೆ, ಬಂದಿದೆ. ಆಸೆ ಹೊಸದಲ್ಲ. ಮನೆಯವರೇ ಕೂತು ಬರೆಯುವುದು ಹೊಸದು. ಬಹುಕಾಲ ಇಲ್ಲಿ ಮನೆಯ ನೆನಪು ಬೇರೆಯವರ ವಶದಲ್ಲೇ ಇತ್ತು.

ಮೊದಲು ಅದು ಕಲ್ಲುಕುಟಿಗನ ಕೆಲಸ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು. ಅದರ ವೀರಗಲ್ಲುಗಳನ್ನು ಓದುತ್ತ ಹೋದರೆ ಇಂಥವನ ಮಗ ದನ ಹಿಡಿದವರೊಡನೆ ಕಾದಿ ಸತ್ತ, ಅವನ ಮನೆಯವರಿಗೆ ಇಷ್ಟು ಭೂಮಿ ಬಿಟ್ಟರು ಎಂಬ ಬಗೆಯ ಸಾಲುಗಳು. ಮುಳಬಾಗಿಲು ತಾಲೂಕಿನ ಆವನಿಯಲ್ಲಿ 10ನೆಯ ಶತಮಾನದ ಒಬ್ಬ ಯತಿಯ ಶಾಸನವಿದೆ: ನಲವತ್ತು ವರ್ಷ ಸ್ಥಾನ ನಡೆಸಿದ, ಐವತ್ತು ಗುಡಿ ಕಟ್ಟಿಸಿದ, ಎರಡು ದೊಡ್ಡ ಕೆರೆ ಮಾಡಿಸಿದ. ಒಂದು ಆಯುಸ್ಸಿಗೆ ಇಷ್ಟು ಬಿಗಿಯಾದ ಲೆಕ್ಕ ಇಂದಿನ ನಿವೃತ್ತರ ಆತ್ಮಕಥೆಗಳಲ್ಲಿ ಕಾಣುವುದಿಲ್ಲ.

ಕಲ್ಲು ಎಲ್ಲರಿಗೂ ದಕ್ಕುವಂಥದಲ್ಲ. ಒಕ್ಕಲು ಮನೆಗಳ ವಂಶಾವಳಿ ಹೆಳವರ ಬಾಯಲ್ಲಿತ್ತು. ತೆಲುಗು ಮಾತಿನ ಮನೆಗಳಿಗೆ ಪಿಚ್ಚಿಗುಂಟ್ಲವರು. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು, ಮೂಲಪುರುಷನಿಂದ ಇಳಿಸಿಕೊಂಡು ಬಂದು, ಈಚೆಗೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ದವಸ ಕಟ್ಟಿಸಿಕೊಂಡು ಹೋಗುವವರು. ಗಯಾ, ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನಗಳನ್ನು ಬಹಿಗಳಲ್ಲಿ ಬರೆದಿಟ್ಟಂತೆಯೇ ಇದು, ಆದರೆ ಇಲ್ಲಿ ಪುಸ್ತಕವೇ ಮನೆ ಬಾಗಿಲಿಗೆ ನಡೆದು ಬರುತ್ತಿತ್ತು. ಇದು ಗಂಡುಸಂತತಿಯ ಸಾಲು. ಮದುವೆಯಾಗಿ ಹೋದವಳು ಬಹುಪಾಲು ಸಾಲಿನಿಂದಲೂ ಹೋದಳು.

ಊರಿನ ಲೆಕ್ಕ ಶಾನುಭೋಗರದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಹಾಕಿದ ಕಪ್ಪು ಕಡತದ ಮೇಲೆ ಅವರು ಬಳಪದಲ್ಲಿ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಬಹುದು, ಅನುಕೂಲವೂ ಹೌದು, ಅಪಾಯವೂ ಹೌದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆಯಿತು. ಶಾನುಭೋಗರ ಮನೆಗಳಲ್ಲಿ ಉಳಿದ ಕಾಗದಗಳಲ್ಲಿ ಕಂದಾಯದ ಪಕ್ಕದಲ್ಲೇ ಮಗಳ ಮದುವೆಯ ಖರ್ಚು ಕಾಣುವುದುಂಟು. ಖಾಸಗಿ ಬರವಣಿಗೆ ಈ ಕಡೆ ಹುಟ್ಟಿದ್ದು ಈ ಪಕ್ಕದ ಜಾಗದಲ್ಲಿ ಎಂದು ನನ್ನ ಊಹೆ. ಪಂಚಾಂಗದ ಅಂಚಿನಲ್ಲಿ ಸಂವತ್ಸರ, ಮಾಸ, ತಿಥಿ ಹಾಕಿ 'ಗಂಡು ಶಿಶು ಜನನ' ಎಂದು ಬರೆದಿಟ್ಟದ್ದೂ ಅದೇ ಜಾತಿಯದು.

ತೆಂಕಣಕ್ಕೆ ಸ್ವಲ್ಪ ದೂರ ಪುದುಚೇರಿಯಲ್ಲಿ ಆನಂದರಂಗ ಪಿಳ್ಳೆ 1736ರಿಂದಲೇ ತಮಿಳಿನಲ್ಲಿ ದಿನಚರಿ ಬರೆದಿಡುತ್ತಿದ್ದ. ನಮ್ಮ ಕಡೆ 'ನಾನು' ಧೈರ್ಯವಾಗಿ ಪುಟಕ್ಕೆ ಬರಲು ಮೈಸೂರು ಸರ್ಕಾರದ ಶಾಲೆಗಳು ಬರಬೇಕಾಯಿತು.

ಆ ತಲೆಮಾರಿನ ಇಬ್ಬರು ಈ ನೆಲದವರೇ: 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ, 1891ರಲ್ಲಿ ಮಾಲೂರು ತಾಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮಾಸ್ತಿಯವರ 'ಭಾವ' ಮೂರು ಸಂಪುಟಗಳ ಆತ್ಮಕಥೆ. ಬಡತನ, ಓದಿಗಾಗಿ ಅಲೆದಾಟ, 1914ರಿಂದ 1943ರವರೆಗಿನ ಸರ್ಕಾರಿ ನೌಕರಿ, ಎಲ್ಲ ಅವರ ಕಥೆಗಳ ಹಾಗೆಯೇ ದನಿ ಏರಿಸದೆ ಬರುತ್ತದೆ. ಮನೆಮಾತು ತಮಿಳು, ಬರೆದದ್ದು ಕನ್ನಡ.

ಡಿವಿಜಿಯವರ ದಾರಿ ಬೇರೆ. ಎಂಟು ಸಂಪುಟಗಳ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ದಿವಾನರಿದ್ದಾರೆ, ಗಾಯಕರಿದ್ದಾರೆ, ಮುಳಬಾಗಿಲಿನ ವೈದಿಕರೂ ಇದ್ದಾರೆ. ಡಿವಿಜಿ ಮಾತ್ರ ಕಂಬದ ಮರೆಯಲ್ಲಿ ನಿಂತು ನೋಡುವವರು. ಅವರು ಆತ್ಮಕಥೆ ಎಂದು ಒಂದನ್ನು ಬರೆಯಲಿಲ್ಲ, ಬರೆಯುವ ಅಗತ್ಯವೂ ಉಳಿಯಲಿಲ್ಲ. ಒಬ್ಬ ವ್ಯಕ್ತಿ, ಒಂದು ಪ್ರಸಂಗ, ಆತ ಆಡಿದ ಒಂದು ಮಾತು, ಅಲ್ಲಿಗೆ ಚಿತ್ರ ಮುಗಿಯಿತು. ಮನೆತನದ ಪುಸ್ತಕಕ್ಕೆ ಕೂತವರು ಮಾಸ್ತಿಯವರನ್ನು ಓದಲಿ, ಆದರೆ ಅನುಸರಿಸಬೇಕಾದ್ದು ಡಿವಿಜಿಯವರನ್ನು ಎಂಬುದು ನನ್ನ ಅಭಿಪ್ರಾಯ. 'ಇಂದು ಮನಸ್ಸಿಗೆ ತುಂಬಾ ಸಂತೋಷವಾಯಿತು' ಎಂಬ ಸಾಲು ಐವತ್ತು ವರ್ಷದ ಮೇಲೆ ಯಾರಿಗೂ ಏನೂ ಹೇಳದು. ದೊಡ್ಡಪ್ಪ ಸಂತೆಯಿಂದ ಬಂದವರು ಚಪ್ಪಲಿ ಎಲ್ಲಿ ಬಿಡುತ್ತಿದ್ದರು, ಯಾರ ಮೇಲೆ ಮೊದಲು ರೇಗುತ್ತಿದ್ದರು ಎಂದು ಬರೆದರೆ ಮೊಮ್ಮಗ ಓದುತ್ತಾನೆ.

ಹೆಂಗಸರ ಬರವಣಿಗೆ ಈ ಚರಿತ್ರೆಯಲ್ಲಿ ಲೆಕ್ಕಕ್ಕೇ ಬಂದಿಲ್ಲ. ಹಾಡಿನ ಪುಸ್ತಕವನ್ನು ಯಾರೂ ದಿನಚರಿ ಎನ್ನುವುದಿಲ್ಲವಲ್ಲ! ಹಸೆಗೆ ಕರೆಯುವ ಹಾಡು, ಆರತಿ ಹಾಡು, ರಂಗೋಲಿಯ ಚುಕ್ಕಿ, ಹುಳಿಪುಡಿಯ ಅಳತೆ, ಕೊನೆಯ ಹಾಳೆಯಲ್ಲಿ ಯಾರಿಗೋ ಕೊಟ್ಟ ಕೈಸಾಲ. ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಈ ಪುಸ್ತಕಗಳಲ್ಲಿ ತೆಲುಗು ಹಾಡು ಕನ್ನಡ ಅಕ್ಷರದಲ್ಲಿರುತ್ತದೆ. ಯಾವ ಹಾಡು ಯಾವ ಅತ್ತೆಯಿಂದ ಬಂತು ಎಂಬ ಟಿಪ್ಪಣಿ ಇದ್ದರಂತೂ ಅದು ಹೆಳವರು ಬಿಟ್ಟುಹೋದ ಹೆಣ್ಣುಸಾಲು. ಅಂಟಿಸುವ ಪುಸ್ತಕವೆಂದರೆ ಅಮೆರಿಕದ ಮಾರ್ಕ್ ಟ್ವೇನ್ 1873ರಲ್ಲಿ ಅಂಟು ಬಳಿದ ಹಾಳೆಗಳ ಪುಸ್ತಕಕ್ಕೆ ಪೇಟೆಂಟ್ ಪಡೆದದ್ದನ್ನು ಹೇಳುತ್ತಾರೆ. ಅನ್ನದ ಅಗುಳಿನಲ್ಲಿ ಲಗ್ನಪತ್ರಿಕೆ ಅಂಟಿಸಿದ ನಮ್ಮ ಅಜ್ಜಿಯರಿಗೆ ಪೇಟೆಂಟ್ ಬೇಕಿರಲಿಲ್ಲ.

ಭೂಮಿಯೂ ಇಲ್ಲದ, ಫೋಟೊವೂ ಇಲ್ಲದ ಮನೆಗಳು? 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಆಮೇಲೆ ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದಾಗ ಕೇರಿಯ ಮನೆಗೂ ಪುಸ್ತಕವಾಗುವಷ್ಟು ಚರಿತ್ರೆಯಿದೆ ಎಂಬುದು ಕನ್ನಡಕ್ಕೆ ಒತ್ತಿ ಹೇಳಿದಂತಾಯಿತು. ಇಬ್ಬರೂ ಈ ಜಿಲ್ಲೆಯವರಲ್ಲ. ದಲಿತ ಚಳವಳಿ ಗಟ್ಟಿಯಾಗಿ ಬೇರೂರಿದ ಕೋಲಾರದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದಲ್ಲಿ 'ಆದಿಮ' ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿ, 'ಹುಣ್ಣಿಮೆ ಹಾಡು' ನಡೆಸಿ, ನೆನಪನ್ನು ಹಾಡು, ನಾಟಕವಾಗಿಯೇ ಇಟ್ಟುಕೊಳ್ಳುವ ದಾರಿ ಹಿಡಿದರು. ಇಂಥ ಮನೆಯ ಪುಸ್ತಕದಲ್ಲಿ ಮೊದಲ ಪುಟಕ್ಕೆ ಬರಬೇಕಾದ್ದು ಮನೆಯಲ್ಲಿ ಮೊದಲು ಪಾಸಾದವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ.

ಇನ್ನೂ ಯಾರೂ ಬರವಣಿಗೆ ಎಂದುಕೊಳ್ಳದ ಒಂದು ಬಗೆಯಿದೆ. ಶ್ರೀನಿವಾಸಪುರದ ಮಾವಿನ ತೋಟದವರು ಇಡುವ ನೋಟ್‌ಬುಕ್ಕು: ಯಾವ ವರ್ಷ ಹೂವು ಉದುರಿತು, ತೋಟ ಎಷ್ಟಕ್ಕೆ ಗುತ್ತಿಗೆ ಹೋಯಿತು, ತೋತಾಪುರಿಗೆ ಮಂಡಿಯಲ್ಲಿ ಏನು ಬೆಲೆ, ಬೋರ್‌ವೆಲ್ ಎಷ್ಟು ಅಡಿ ಹೋಯಿತು. ಸದಾ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಅಡಿಗಳು ನೂರರಿಂದ ಸಾವಿರ ದಾಟಿದ್ದು ಇಂಥ ಪುಸ್ತಕಗಳಲ್ಲಿ ಸಾಲುಸಾಲಾಗಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ದಿನವನ್ನು ಪತ್ರಿಕೆಗಳು ಬರೆದವು. ಅಂದು ಬಾವಿಯ ಹತ್ತಿರ ಮನೆಯ ಹಿರಿಯರು ಏನೆಂದರು ಎಂಬುದನ್ನು ಬರೆಯಬೇಕಾದ್ದು ಈ ನೋಟ್‌ಬುಕ್ಕೇ.

ಭಾಷೆಯ ತೊಡಕು ಮಾತ್ರ ಬಗೆಹರಿದಿಲ್ಲ. ಅಜ್ಜಿ ಆಡುವುದು ತೆಲುಗು, ಅಪ್ಪ ಬರೆಯುವುದು ಕನ್ನಡ, ಮಗಳು ಓದುವುದು ಇಂಗ್ಲಿಷ್. ಅಜ್ಜಿಯ ಕಥೆಗಳು ವಾಟ್ಸಾಪಿನ ಧ್ವನಿಸಂದೇಶವಾಗಿ ಫೋನಿನಲ್ಲಿವೆ. ಫೋನು ಬದಲಾದಾಗ ಹೋಗುತ್ತವೆ. ಸದ್ಯಕ್ಕೆ ಹಾಡಿನ ಪುಸ್ತಕದವರು ಮಾಡಿದ್ದೇ ಸರಿ ಎನಿಸುತ್ತದೆ: ಅಜ್ಜಿಯ ಮಾತನ್ನು ಅವರ ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯುವುದು, ಕೆಳಗೆ ಅರ್ಥ ಕೊಡುವುದು, ಪಕ್ಕದಲ್ಲಿ ತಾರೀಖು ಹಾಕುವುದು.