ಖಾಸಗಿ ಹೂಡಿಕೆ, ಸಾರ್ವಜನಿಕ ಅಳತೆ: ಡಿಎನ್‌ಡಿ ಮೇಲ್ಸೇತುವೆ ಮತ್ತು ಕ್ವಾಂಟಿಟಿ ಸರ್ವೇಯರ್

ಲೋಕೋಪಯೋಗಿ ಇಲಾಖೆಯ ಕಾಮಗಾರಿಯಲ್ಲಿ ಗುತ್ತಿಗೆದಾರನ ಬಿಲ್ಲು ಅಳತೆ ಪುಸ್ತಕವನ್ನು (‘ಎಂ.ಬಿ.’) ದಾಟಿಯೇ ಬರಬೇಕು. ಅಗೆದ ಮಣ್ಣು, ಸುರಿದ ಕಾಂಕ್ರೀಟು, ಕಟ್ಟಿದ ಕಬ್ಬಿಣ ‘ಎಂ.ಬಿ.’ಯಲ್ಲಿ ದಾಖಲಾದ ಮೇಲೆಯೇ ಹಣ. ಅಲ್ಲಿ ಅಳತೆ ತಪ್ಪಿದರೆ ಬೊಕ್ಕಸಕ್ಕೆ ನಷ್ಟ ಒಂದೇ ಸಲ. ಖಾಸಗಿ ಕಂಪನಿ ತಾನೇ ಹಣ ಹೂಡಿ, ಕಟ್ಟಿ, ಟೋಲ್ ವಸೂಲು ಮಾಡುವ ಯೋಜನೆಯಲ್ಲಿ ಆ ಪುಸ್ತಕವನ್ನು ಸರ್ಕಾರದ ಪರವಾಗಿ ಬರೆಯುವವರು ಯಾರು?

ದೆಹಲಿ–ನೋಯ್ಡಾ ನಡುವಿನ ಡಿಎನ್‌ಡಿ ಮೇಲ್ಸೇತುವೆಯ ಒಪ್ಪಂದವಾದದ್ದು 1997ರಲ್ಲಿ. ಸಂಚಾರ ಆರಂಭವಾದದ್ದು 2001ರಲ್ಲಿ. ಅದನ್ನು ಕಟ್ಟಿ ಟೋಲ್ ವಸೂಲು ಮಾಡುವ ನೋಯ್ಡಾ ಟೋಲ್ ಬ್ರಿಜ್ ಕಂಪನಿಗೆ ಒಟ್ಟು ಯೋಜನಾ ವೆಚ್ಚದ ಮೇಲೆ ವರ್ಷಕ್ಕೆ ಶೇ. 20ರ ಪ್ರತಿಫಲ ಸಿಗಬೇಕೆಂದು ಒಪ್ಪಂದ ಹೇಳಿತ್ತು. ಅಷ್ಟು ಹುಟ್ಟದ ವರ್ಷದ ಕೊರತೆ ಮತ್ತೆ ಯೋಜನಾ ವೆಚ್ಚಕ್ಕೇ ಸೇರುತ್ತಿತ್ತು. ಇದು ಚಕ್ರಬಡ್ಡಿ. ಈ ದರದಲ್ಲಿ, ಅಳತೆಗೆ ಸಿಗದೆ ಲೆಕ್ಕದೊಳಗೆ ನುಸುಳಿದ 1 ಕೋಟಿ ರೂಪಾಯಿ ತೀರದೆ ಉಳಿದರೆ 10 ವರ್ಷದಲ್ಲಿ 6 ಕೋಟಿಯನ್ನು ದಾಟುತ್ತದೆ. 30 ವರ್ಷಕ್ಕೆ ಸುಮಾರು 237 ಕೋಟಿಯಾಗುತ್ತದೆ. ಅದನ್ನು ತೀರಿಸುವವರು ದಿನವೂ ಆ ದಾರಿಯಲ್ಲಿ ಓಡಾಡುವ ಜನ.

ಹಾಗಾಗಿ ಇಂಥ ಒಪ್ಪಂದದಲ್ಲಿ ಮೊದಲ ದಿನದ ಅಳತೆಯೇ ನಿರ್ಣಾಯಕ. ಲೆಕ್ಕಪರಿಶೋಧಕ ನೋಡುವುದು ರಸೀದಿಯನ್ನು: ಹಣ ಖರ್ಚಾಯಿತೇ? ಕಾಮಗಾರಿಯ ಪ್ರಮಾಣ ಮತ್ತು ವೆಚ್ಚವನ್ನು ಅಳೆಯುವ ಕ್ವಾಂಟಿಟಿ ಸರ್ವೇಯರ್ ಕೇಳುವುದೇ ಬೇರೆ: ಇಷ್ಟು ಉದ್ದದ ಸೇತುವೆಗೆ ಇಷ್ಟು ಕಬ್ಬಿಣ ಬೇಕಿತ್ತೇ, ಈ ದರ ಅಂದಿನ ಮಾರುಕಟ್ಟೆಗೆ ಹೊಂದುತ್ತದೆಯೇ, ಈ ಖರ್ಚು ಸೇತುವೆಯದೇ? ರಸೀದಿ ಸರಿಯಾಗಿದ್ದೂ ವೆಚ್ಚ ಅನ್ಯಾಯವಾಗಿರಬಹುದು. ಖಾಸಗಿಯವರೇ ನಷ್ಟದ ಹೊಣೆ ಹೊರುವಾಗ ಸರ್ಕಾರ ಅಳೆಯಬೇಕೇಕೆ ಎಂಬ ವಾದವುಂಟು. ಟೋಲ್ ಅವಧಿಯನ್ನು ಮುಕ್ತ ಟೆಂಡರಿನಲ್ಲೇ ಕಟ್ಟುನಿಟ್ಟಾಗಿ ನಿಗದಿ ಮಾಡಿದ್ದರೆ ಆ ಮಾತಿಗೆ ತೂಕವಿರುತ್ತಿತ್ತು. ಇಲ್ಲಿ ಮುಕ್ತ ಟೆಂಡರೂ ನಡೆಯಲಿಲ್ಲ. ವೆಚ್ಚ ತೀರುವವರೆಗೆ ಟೋಲ್ ಮುಂದುವರಿಯಬಹುದಿತ್ತು.

ನೋಯ್ಡಾ ನಿವಾಸಿಗಳ ಸಂಘಗಳ ಒಕ್ಕೂಟ 2012ರಲ್ಲಿ ಅಲಹಾಬಾದ್ ಹೈಕೋರ್ಟಿನ ಮೊರೆ ಹೋಯಿತು. 2016ರ ಅಕ್ಟೋಬರಿನಲ್ಲಿ ಆ ಕೋರ್ಟಿನ ತೀರ್ಪಿನಿಂದ ಟೋಲ್ ನಿಂತಿತು. ಕಂಪನಿ ಮೇಲ್ಮನವಿ ಸಲ್ಲಿಸಿದಾಗ ಸುಪ್ರೀಂ ಕೋರ್ಟ್ ವೆಚ್ಚದ ಪರಿಶೀಲನೆಯನ್ನು ಸಿಎಜಿಗೆ ವಹಿಸಿತು. ಕಟ್ಟುವಾಗಲೇ ಆಗಬೇಕಿದ್ದ ಕೆಲಸ ಹದಿನೈದು ವರ್ಷ ತಡವಾಗಿ, ನ್ಯಾಯಾಲಯದ ಆದೇಶದಿಂದ ಆಯಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಕಂಪನಿಯ ಹೂಡಿಕೆಯೂ ಸಾಕಷ್ಟು ಲಾಭವೂ ಆಗಲೇ ಕೈಸೇರಿವೆ ಎಂದಿತು.

ಟೋಲ್ ಒಪ್ಪಂದಕ್ಕೆ ಸಹಿ ಹಾಕುವ ಸರ್ಕಾರಗಳು ತಮ್ಮದೇ ಸಂಬಳದ ಕ್ವಾಂಟಿಟಿ ಸರ್ವೇಯರನ್ನು ಮೊದಲ ದಿನದಿಂದ ನೇಮಿಸಲಿ. ಅವರ ಅಳತೆ ಪುಸ್ತಕವನ್ನು ಟೋಲ್ ಕಟ್ಟುವ ಯಾರು ಕೇಳಿದರೂ ತೋರಿಸಲಿ.