ಬಾಂಬೆ ರಕ್ತ ಮತ್ತು ನಮ್ಮ ನಾಲ್ಕು ತಾಲೂಕುಗಳು

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ರಕ್ತದ ಗುಂಪು ತಪಾಸಣೆಯ ಶಿಬಿರ ನಡೆದಿತ್ತು. ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಮೂರು ಹನಿ ರಕ್ತವಿಟ್ಟು, ನೀಲಿ, ಹಳದಿ ಮತ್ತು ಬಣ್ಣವಿಲ್ಲದ ಔಷಧಿ ಹಾಕಿ ಕಲಕಿ ಚೀಟಿ ಬರೆದುಕೊಟ್ಟರು. ನನ್ನದು ‘ಓ ಪಾಸಿಟಿವ್’. ಮನೆಗೆ ಬಂದು ಹೇಳಿದರೆ ಅಜ್ಜಿ, “ರಕ್ತ ಎಲ್ಲಾರ್ದೂ ಕೆಂಪೇ ಇರ್ತೈತಿ ತಮ್ಮಾ, ಅದರಾಗ ಎಂಥಾ ಗುಂಪೋ?” ಎಂದು ನಕ್ಕಿದ್ದಳು. ‘ಓ’ ಗುಂಪಿನವರು ಎಲ್ಲರಿಗೂ ರಕ್ತ ಕೊಡಬಹುದೆಂದು ವಿಜ್ಞಾನದ ಗುರುಗಳು ಹೇಳಿದ್ದರಿಂದ ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ.

ಆ ‘ಓ’ ಕೊನೆಯ ಮಾತಲ್ಲ ಎಂದು ತಿಳಿದದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ರಕ್ತದಾನಕ್ಕೆ ಹೋದಾಗ. ಅಲ್ಲಿ ಒಂದೇ ರಕ್ತವನ್ನು ಎರಡು ರೀತಿ ಪರೀಕ್ಷಿಸುತ್ತಿದ್ದರು. ಯಾಕೆಂದು ಕೇಳಿದೆ. “ನೀವು ಬಾಂಬೆ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕಲ್ಲ” ಎಂದರು. “ಅಲ್ರೀ, ನಾ ಬಿಜಾಪುರದಾಂವ” ಎಂದೆ. ಅವರು ನಕ್ಕುಬಿಟ್ಟರು.

ಆಮೇಲೆ ಓದಿ ತಿಳಿದಾಗ ನನ್ನ ಉತ್ತರವೂ ಅಷ್ಟೇನೂ ದೂರವಿರಲಿಲ್ಲ ಎನಿಸಿತು. ಆ ರಕ್ತದ ಗುಂಪು ಪತ್ತೆಯಾದ 1952ರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳೆಲ್ಲ ಮುಂಬಯಿ ರಾಜ್ಯದಲ್ಲಿಯೇ ಇದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಬರಗಾಲ ಬಂದರೆ ನಮ್ಮ ಹಿರಿಯರು ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಹೋಟಗಿಯಲ್ಲಿ ಗಾಡಿ ಬದಲಿಸಿ, ಸೊಲ್ಲಾಪುರದ ಮೇಲೆ ಮುಂಬಯಿಗೆ ದುಡಿಯಲು ಹೋಗುತ್ತಿದ್ದರು.

ರಕ್ತದಲ್ಲಿ ಗುಂಪುಗಳಿವೆ ಎಂದು 1901ರಲ್ಲಿ ತೋರಿಸಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳಲ್ಲಿ ಲೆಕ್ಕ ಮುಗಿಯಿತು ಎಂದೇ ಬಹಳ ದಿನ ಎಲ್ಲರೂ ತಿಳಿದಿದ್ದರು. ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಅವರ ಜೊತೆಗಾರರಾದ ದೇಶಪಾಂಡೆ, ಭಾಟಿಯಾ ಅವರ ಮುಂದೆ ವಿಚಿತ್ರವಾದ ರಕ್ತ ಬಂದಾಗ ಈ ಲೆಕ್ಕ ತಪ್ಪಿತು. ಒಬ್ಬ ರೈಲ್ವೆ ಕೆಲಸಗಾರ, ಇನ್ನೊಬ್ಬ ಚೂರಿ ಇರಿತಕ್ಕೆ ಸಿಕ್ಕವನು. ಪರೀಕ್ಷೆಯಲ್ಲಿ ಅವರದು ‘ಓ’ದಂತೆಯೇ ಕಾಣುತ್ತಿತ್ತು. ಆದರೆ ‘ಓ’ ರಕ್ತವನ್ನೇ ಜೋಡಿಸಿ ನೋಡಿದರೆ ಮೊಸರೊಡೆದಂತೆ ಗಂಟುಗಟ್ಟುತ್ತಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಅವರೂ ಸೇರಿ ಈ ಸಂಗತಿಯನ್ನು 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪತ್ತೆಯಾದ ಊರಿನ ಹೆಸರೇ ಗುಂಪಿಗೆ ನಿಂತಿತು.

ಇದರ ಒಳಗುಟ್ಟು ಹೀಗಿದೆ. ಕೆಂಪು ರಕ್ತಕಣದ ಮೇಲೆ ‘ಎಚ್’ ಎಂಬ ಅಡಿಪಾಯವಿರುತ್ತದೆ. ಅದರ ಮೇಲೆ ಒಂದು ಸಕ್ಕರೆಯ ಅಣು ಕೂತರೆ ‘ಎ’, ಬೇರೊಂದು ಕೂತರೆ ‘ಬಿ’, ಏನೂ ಕೂರದಿದ್ದರೆ ‘ಓ’. ಬಾಂಬೆ ಗುಂಪಿನವರಲ್ಲಿ ಅಡಿಪಾಯವೇ ಇಲ್ಲ. ಅಡಿಪಾಯವಿಲ್ಲದ ಮೇಲೆ ಗೋಡೆ ಎಲ್ಲಿಂದ ಬರಬೇಕು? ಅವರ ದೇಹಕ್ಕೆ ‘ಎಚ್’ ಪರಕೀಯ. ‘ಓ’ ರಕ್ತದಲ್ಲಿ ಅದೇ ಹೆಚ್ಚಾಗಿರುವುದರಿಂದ ಅದನ್ನು ಏರಿಸಿದರೆ ಆ ಕಣಗಳೆಲ್ಲ ಒಡೆದು ಪ್ರಾಣಕ್ಕೇ ಕುತ್ತು. ಇವರ ರಕ್ತಕಣ ಬೇರೆಯವರಿಗೆ ಹೊಂದುತ್ತದೆ, ಇವರಿಗೆ ಮಾತ್ರ ಬಾಂಬೆ ಗುಂಪಿನವರದೇ ಬೇಕು. ಮೂತ್ರಪಿಂಡ ಜೋಡಣೆಗೂ ಇದೇ ತೊಡಕು, ಏಕೆಂದರೆ ‘ಎಚ್’ ರಕ್ತನಾಳಗಳ ಒಳಪದರದಲ್ಲಿಯೂ ಇರುತ್ತದೆ.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಶಿಬಿರದ ಪರೀಕ್ಷೆ ಎರಡೇ ಪ್ರಶ್ನೆಗಳ ಪ್ರೋಗ್ರಾಂ. ‘ಎ’ ಇದೆಯೇ? ಇಲ್ಲ. ‘ಬಿ’ ಇದೆಯೇ? ಇಲ್ಲ. ಹಾಗಾದರೆ ‘ಓ’ ಎಂದು ಬರೆ. ಮೂರನೆಯದೊಂದು ಸಾಧ್ಯತೆಯನ್ನು ಅದು ಕೇಳುವುದೇ ಇಲ್ಲ. ನಾವು ಇಂತಹ ಪ್ರೋಗ್ರಾಂ ಬರೆದು ಎಷ್ಟೋ ಸಲ ಬೈಸಿಕೊಂಡಿದ್ದೇವೆ. ರಕ್ತನಿಧಿಯಲ್ಲಿ ನಮ್ಮ ರಕ್ತದ ತಿಳಿನೀರನ್ನು ‘ಓ’ ಕಣಗಳ ಜೊತೆಗೂ ಕೂಡಿಸಿ ನೋಡುತ್ತಾರೆ. ಗಂಟುಗಟ್ಟಿದರೆ ಆಗ ಸಂಶಯ ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಈ ಗುಂಪಿನವರು ಸುಮಾರು 10,000ಕ್ಕೆ ಒಬ್ಬರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ತಂದೆ, ತಾಯಿ ಇಬ್ಬರಿಂದಲೂ ಆ ಕೊರತೆಯ ವಂಶವಾಹಿ ಬಂದರೆ ಮಾತ್ರ ಮಗು ಬಾಂಬೆ ಗುಂಪಿನದಾಗುತ್ತದೆ. ಇಲ್ಲಿಯೇ ನಮ್ಮ ಸೀಮೆಯ ಮಾತು ಬರುವುದು. ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗನಿಗೆ ಕೊಡುವುದು ನಮ್ಮಲ್ಲಿ ಹೊಲ, ಮನೆ, ಕಳ್ಳುಬಳ್ಳಿ ಕಡಿಯಬಾರದೆಂದು ಬಂದ ರೂಢಿ. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ನಾಲ್ಕನೆಯ ಒಂದು ಪಾಲು ವಂಶವಾಹಿಗಳು ಸಮಾನವಾಗಿರುತ್ತವೆ, ಅತ್ತೆ-ಮಾವನ ಮಕ್ಕಳಲ್ಲಿ ಎಂಟನೆಯ ಒಂದು ಪಾಲು. ಮನೆತನದಲ್ಲಿ ಅಡಗಿದ ಅಪರೂಪದ ಕೊರತೆ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳಲು ಅಲ್ಲಿ ದಾರಿ ಸುಲಭ. ಹಿರಿಯರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ; ನಾನೂ ಅಂತಹ ಮದುವೆಯ ಮಗನೇ.

ಇನ್ನೊಂದು ಸಂಗತಿ ಹೇಳಲೇಬೇಕು. ಮಕ್ಕಳ ಚೀಟಿಯನ್ನು ತಂದೆ-ತಾಯಿಯ ಚೀಟಿಗೆ ಹೋಲಿಸಿ ಸಂಶಯಪಡುವವರು ಇದ್ದಾರೆ. ‘ಓ’ ತಾಯಿಗೆ ‘ಎಬಿ’ ಮಗು ಹುಟ್ಟದು ಎಂದು ಪುಸ್ತಕ ಹೇಳುತ್ತದೆ. ಆದರೆ 1955ರಲ್ಲಿ ಅಮೆರಿಕದ ಫಿಲಿಪ್ ಲೆವಿನ್ ಅಂತಹದೇ ಒಬ್ಬ ತಾಯಿಯನ್ನು ಪರೀಕ್ಷಿಸಿ, ಆಕೆ ಬಾಂಬೆ ಗುಂಪಿನವಳು, ಅಡಗಿದ್ದ ‘ಬಿ’ ಮಗುವಿನಲ್ಲಿ ಹೊರಬಂದಿದೆ ಎಂದು ತೋರಿಸಿದರು. ಒಂದು ಚೀಟಿಯಿಂದ ಹೆಣ್ಣುಮಗಳೊಬ್ಬಳ ಮರ್ಯಾದೆ ಹೋಗಬಾರದಲ್ಲ.

ಇದೇ ಲೆವಿನ್ 1939ರಲ್ಲಿ ಇನ್ನೊಂದು ಗಂಟನ್ನೂ ಬಿಚ್ಚಿದ್ದರು. ಹೊಟ್ಟೆಯಲ್ಲಿಯೇ ಸತ್ತ ಮಗುವನ್ನು ಹೆತ್ತ ತಾಯಿಗೆ ಗಂಡನ ರಕ್ತ ಕೊಟ್ಟಾಗ ಅದು ಒಗ್ಗಲಿಲ್ಲ. ತಂದೆಯಿಂದ ಮಗುವಿಗೆ ಬಂದ ಯಾವುದೋ ಅಂಶದ ವಿರುದ್ಧ ತಾಯಿಯ ದೇಹ ಸೈನ್ಯ ಕಟ್ಟಿತ್ತು. ಅದನ್ನೇ ಇಂದು ನಾವು ಪಾಸಿಟಿವ್, ನೆಗೆಟಿವ್ ಎನ್ನುವ ಆರ್‌ಎಚ್ ಎಂದು ಕರೆಯುತ್ತೇವೆ. ಚೊಚ್ಚಲು ಉಳಿದು, ಮುಂದಿನ ಕೂಸುಗಳು ಕಾಮಣಿಯಾಗಿ ಹೋದಾಗ ನಮ್ಮ ಅಜ್ಜಿಯಂದಿರು ದೃಷ್ಟಿ ತೆಗೆಯುತ್ತಿದ್ದರು. 1968ರಿಂದ ಅದಕ್ಕೆ ಆಂಟಿ-ಡಿ ಚುಚ್ಚುಮದ್ದು ಇದೆ. ನೆಗೆಟಿವ್ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದರೆ 72 ತಾಸಿನೊಳಗೆ ಕೊಡಬೇಕು. ಗರ್ಭಪಾತವಾದಾಗಲೂ ಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಬಾಂಬೆ ಗುಂಪಿಗೆ ಅಂತಹ ಮದ್ದಿಲ್ಲ. ದಾನಿಗಳನ್ನು ಮೊದಲೇ ಗುರುತಿಸಿ ಇಟ್ಟುಕೊಳ್ಳುವುದೊಂದೇ ದಾರಿ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂತಹ ದಾನಿಗಳ ಪಟ್ಟಿ ಇಟ್ಟಿದೆ. 2018ರಲ್ಲಿ ಮ್ಯಾನ್ಮಾರ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಹೆಣ್ಣುಮಗಳಿಗೆ ನಮ್ಮ ದಾವಣಗೆರೆಯಿಂದ ಎರಡು ಚೀಲ ರಕ್ತ ಹೋಯಿತು. ಒಬ್ಬರು ಸಿಕ್ಕರೆ ಅವರ ಒಡಹುಟ್ಟಿದವರನ್ನು ಮೊದಲು ಪರೀಕ್ಷಿಸಬೇಕು. ಅವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಸಾಧ್ಯತೆ ಇರುತ್ತದೆ.

ನಾನು ಸಾಮಾನ್ಯ ‘ಓ’ ಎಂದು ಆ ದಿನವೇ ಖಾತ್ರಿಯಾಯಿತು. ಕಳೆದ ದೀಪಾವಳಿಗೆ ಬಂದಾಗ ತಂಗಿಯನ್ನೂ ವಿಜಯಪುರದ ರಕ್ತನಿಧಿಗೆ ಕರೆದುಕೊಂಡು ಹೋಗಿದ್ದೆ, ಅವಳದೂ ಹಾಗೆಯೇ. ಅವ್ವ ಮಾತ್ರ ಒಲ್ಲೆ ಎನ್ನುತ್ತಾಳೆ. “ಈ ವಯಸ್ಸಿನ್ಯಾಗ ನನ್ನ ರಕ್ತ ಯಾರಿಗೆ ಬೇಕೋ?” ಬೇಕಾದರೆ ಬೇಕಾಗುವುದು ನಿನಗೇ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.