ಬಿಸಿಜಿ ಲಸಿಕೆಯಿಂದ ಕೂಸಿಗೆ ಅಪಾಯವೇ? ಲಸಿಕೆಗೆ ಮೊದಲು ಹೇಳಲೇಬೇಕಾದ ಒಂದು ಮಾತು

"ಬಿಸಿಜಿ ಹಾಕಿಸಿದ ಮೇಲೆ ಕೂಸು ಉಳಿಯಲಿಲ್ಲ, ಲಸಿಕೆಯೇ ಬೇಡ." ಇಂಥ ಮಾತು ಊರಲ್ಲೂ ವಾಟ್ಸಾಪ್‌ನಲ್ಲೂ ಕೇಳಿಬರುತ್ತದೆ. ಇದರಲ್ಲಿ ಒಂದು ಸಣ್ಣ ಸತ್ಯವಿದೆ, ಆದರೆ ತೀರ್ಮಾನ ತಪ್ಪು. ಹೇಗೆ ಎಂದು ನೋಡೋಣ.

ಸತ್ಯ ಎಷ್ಟು?
ಬಿಸಿಜಿ, ಪೋಲಿಯೊ ಹನಿ, ರೋಟಾವೈರಸ್ ಹನಿಗಳಲ್ಲಿ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುತ್ತದೆ. ಆರೋಗ್ಯವಂತ ಮಗುವಿಗೆ ಇವು ರಕ್ಷಣೆ. ಆದರೆ 'ಸ್ಕಿಡ್' ಎಂಬ ವಂಶವಾಹಿ ಕಾಯಿಲೆ ಇರುವ ಮಗುವಿನ ದೇಹದಲ್ಲಿ ರೋಗದೊಡನೆ ಹೋರಾಡುವ ಟಿ ಕಣಗಳು ಇರುವುದಿಲ್ಲ, ಇದ್ದರೂ ತೀರಾ ಕಡಿಮೆ. ಅಂಥ ಮಗುವಿಗೆ ಈ ಲಸಿಕೆಗಳೂ ಅಪಾಯ. ಅಮೆರಿಕದಲ್ಲಿ ಸುಮಾರು 58,000 ಮಕ್ಕಳಲ್ಲಿ ಒಂದಕ್ಕೆ ಈ ಕಾಯಿಲೆ ಕಂಡುಬಂದಿದೆ. ಈ ಅಪರೂಪದ ಕಾಯಿಲೆಗೆ ಹೆದರಿ ಲಸಿಕೆ ಬಿಟ್ಟರೆ ಉಳಿದೆಲ್ಲ ಮಕ್ಕಳೂ ಕ್ಷಯ, ಪೋಲಿಯೊ ಅಪಾಯಕ್ಕೆ ಸಿಲುಕುತ್ತಾರೆ.

ಮೊದಲೇ ತಿಳಿಯಬಹುದೇ?
ತಿಳಿಯಬಹುದು. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ, ಹೊಸ ಟಿ ಕಣ ತಯಾರಾಗುವಾಗ ಉಳಿಯುವ 'ಟ್ರೆಕ್' ಎಂಬ ಡಿಎನ್‌ಎ ಉಂಗುರಗಳನ್ನು ಎಣಿಸುತ್ತಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಇದನ್ನು ಮೊದಲು ಆರಂಭಿಸಿತು. ನಮ್ಮಲ್ಲಿ ಎಲ್ಲ ನವಜಾತ ಶಿಶುಗಳಿಗೂ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ಹಾಗಾಗಿ ಮನೆಯವರು ಕೊಡುವ ಮಾಹಿತಿಯೇ ಮೊದಲ ಪರೀಕ್ಷೆ.

ಯಾರು ಎಚ್ಚರವಹಿಸಬೇಕು?
ಯಾದಗಿರಿ, ಶಹಾಪುರ, ಸುರಪುರದ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ರಕ್ತಸಂಬಂಧದ ಮದುವೆಯಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಹೆಚ್ಚು. ಸ್ಕಿಡ್‌ನ ಒಂದು ಬಗೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಅದಕ್ಕೆ ರಕ್ತಸಂಬಂಧವೇ ಬೇಕಿಲ್ಲ.

ಹಿಂದೆ ನಿಮ್ಮ ಮಗು, ಅಥವಾ ತಾಯಿಯ ಅಣ್ಣತಮ್ಮ, ಹುಟ್ಟಿದ ವರ್ಷದೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಹೆರಿಗೆಗೆ ಮೊದಲೇ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಹೇಳಿ. "ದೃಷ್ಟಿ ತಗುಲಿತ್ತು" ಎಂದು ಮುಚ್ಚಿಡಬೇಡಿ. ಆಗ ಜೀವಂತ ಲಸಿಕೆ ತಡೆಹಿಡಿದು, ಸಿಬಿಸಿ ರಕ್ತಪರೀಕ್ಷೆ ಮಾಡಿಸಬಹುದು. ನವಜಾತ ಶಿಶುವಿನಲ್ಲಿ ಲಿಂಫೋಸೈಟ್ ಸಂಖ್ಯೆ 3,000ಕ್ಕಿಂತ ಕಡಿಮೆ ಇದ್ದರೆ ತಜ್ಞರಿಗೆ ತೋರಿಸಲೇಬೇಕು. ಸಂಖ್ಯೆ ಸರಿ ಇದ್ದರೂ ಕಾಯಿಲೆ ಇಲ್ಲವೆಂದು ಖಾತ್ರಿಯಲ್ಲ, ಮುಂದಿನ ಪರೀಕ್ಷೆ ಬೇಕಾಗಬಹುದು.

ಚಿಕಿತ್ಸೆ ಇದೆಯೇ?
ಇದೆ, ಅಸ್ಥಿಮಜ್ಜೆ ಕಸಿ. ಮಗುವಿಗೆ ಮೂರೂವರೆ ತಿಂಗಳಾಗುವುದರೊಳಗೆ ಕಸಿಯಾದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ ಎಂದು ಅಮೆರಿಕದ ಅಧ್ಯಯನ ತೋರಿಸಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಸೇರಿದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಅಂಥ ಒಂದು ಕೇಂದ್ರ.

ನಮ್ಮ ತೀರ್ಮಾನ: "ಲಸಿಕೆ ಬೇಡ" ಎಂಬ ಸಂದೇಶ ತಪ್ಪು. ಅದರ ಬದಲು ಇದನ್ನು ಹಂಚಿ: ಮನೆಯಲ್ಲಿ ಹಸುಗೂಸು ತೀರಿಹೋಗಿದ್ದರೆ, ಮುಂದಿನ ಕೂಸಿನ ಲಸಿಕೆಗೆ ಮೊದಲು ವೈದ್ಯರಿಗೆ ತಿಳಿಸಿ.